ಎಚ್‌ಎಂಟಿ ಜನತಾ ಇದ್ದಕ್ಕಿದ್ದಂತೆ ಮುಂದೆ ಓಡುತ್ತಿದೆ

ಕೀಕೊಟ್ಟವ: ಅಪ್ಪನ ಕಾಲದ ವಾಚು. ಹೋದ ತಿಂಗಳವರೆಗೂ ದಿನಕ್ಕೆ ಅರ್ಧ ನಿಮಿಷ ಆಚೀಚೆ, ಅಷ್ಟೇ. ಈಗ ಬೆಳಿಗ್ಗೆ ಆರಕ್ಕೆ ಸರಿಮಾಡಿದರೆ ರಾತ್ರಿ ಊಟದ ಹೊತ್ತಿಗೆ ಐದು ನಿಮಿಷ ಮುಂದೆ. ಬಿದ್ದಿಲ್ಲ, ನೀರು ತಾಗಿಲ್ಲ. ಹಿಂದಿನ ಮುಚ್ಚಳ ತೆಗೆದು ಓಟ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಕಡ್ಡಿ ನಾನೇ ಸರಿಸಲಾ?

ಹಳೆಚಕ್ರ: ಬೇಡಿ ಸರ್, ಕಡ್ಡಿ ತಂಟೆಗೆ ಹೋಗಬೇಡಿ. ರಾತ್ರಿ ವಾಚು ಎಲ್ಲಿಡ್ತೀರಿ?

ಕೀಕೊಟ್ಟವ: ಫೋನಿನ ಮೇಲೆ. ಅಯ್ಯೋ, ಕವರ್ ಹೊಸದು, ಟಪ್ಪಂತ ಅಂಟಿಕೊಂಡು ಮುಚ್ಚುತ್ತೆ!

ಹಳೆಚಕ್ರ: ಕಳ್ಳ ಸಿಕ್ಕ. ಕವರಿನ ಅಯಸ್ಕಾಂತದ ಗುಣ ವಾಚಿನ ಹೇರ್‌ಸ್ಪ್ರಿಂಗಿಗೆ, ಅಂದರೆ ಒಳಗಿನ ಕೂದಲೆಳೆಯಂಥ ಸುರುಳಿಗೆ, ಹತ್ತಿದೆ. ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದ ಲೆಕ್ಕ, ವಾಚಿನ ಓಟ ನಿಯಂತ್ರಿಸುವ ಬ್ಯಾಲೆನ್ಸ್ ಚಕ್ರ ಬೇಗಬೇಗ ಆಡುತ್ತೆ. ಖಾತ್ರಿಗೆ ಮುಳ್ಳಿರುವ ದಿಕ್ಸೂಚಿ ಪಕ್ಕ ವಾಚು ಹಿಡಿಯಿರಿ. ಮುಳ್ಳು ಸಣ್ಣಗೆ ನಡುಗಿದರೆ ಅದೇ ರೋಗ. ಎಣ್ಣೆ ತಾಗಿದರೂ ಸುರುಳಿ ಅಂಟುತ್ತೆ, ಆದರೆ ಆಗ ಮುಳ್ಳು ನಡುಗಲ್ಲ.

ಸುಮ್ನೆಬಂದೆ: ಕಾಯಿಸಿದರೆ ಕಾಂತ ಹೋಗುತ್ತಂತಲ್ಲ?

ಹಳೆಚಕ್ರ: ಹೋಗುತ್ತೆ. ಕಬ್ಬಿಣಕ್ಕೆ 770 ಡಿಗ್ರಿ ಸೆಲ್ಸಿಯಸ್ ಬೇಕು. ವಾಚೂ ಜೊತೆಗೇ ಹೋಗುತ್ತೆ.

ಕೀಕೊಟ್ಟವ: ಮುಳ್ಳು ನಡುಗಿತು! ಕಾಂತ ತೆಗೆಯುವ ಡಬ್ಬಿ, ಗುಂಡಿ ಒತ್ತುವ ನೀಲಿ ಡಿಮ್ಯಾಗ್ನೆಟೈಸರ್ ತಂದೆ. ವಾಚು ಮೇಲಿಟ್ಟು ಒತ್ತಿ ಬಿಟ್ಟೆ. ಈಗ ಮೊದಲಿಗಿಂತ ಜೋರಾಗಿ ಓಡ್ತಿದೆ.

ಹಳೆಚಕ್ರ: ಎಲ್ಲರೂ ಎಡವೋದೇ ಅಲ್ಲಿ. ಒಳಗಿನ ಕಾಯಿಲಿನಲ್ಲಿ ನಮ್ಮ ಮನೆಯ 50 ಹರ್ಟ್ಸ್ ಕರೆಂಟು ಹರಿಯುತ್ತೆ, ಕಾಂತಕ್ಷೇತ್ರ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತೆ. ವಾಚು ಅಲ್ಲೇ ಇರುವಾಗ ಗುಂಡಿ ಬಿಟ್ಟರೆ ಆ ಕ್ಷಣದ ಕಾಂತ ಅದರಲ್ಲೇ ಉಳಿಯುತ್ತೆ. ಗುಂಡಿ ಒತ್ತಿಯೇ ಇರಿ, ವಾಚನ್ನು ನಿಧಾನಕ್ಕೆ ನೇರ ಮೇಲೆತ್ತಿ, ಒಂದು ಮೊಳ ದೂರ ಹೋದ ಮೇಲೆ ಕೈಬಿಡಿ. ದೂರವಾದಂತೆ ಒಂದೊಂದು ಎಳೆತವೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಕಾಂತ ಸೊನ್ನೆಗೆ ಬರುತ್ತೆ. ಉಯ್ಯಾಲೆ ತಾನಾಗಿ ನಿಲ್ಲುವ ಹಾಗೆ. ಐದಾರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಡಬ್ಬಿ ಬಿಸಿಯಾಗುತ್ತೆ. ಆಮೇಲೆ ವಾಚು ತಿರುಗಿಸಿ ಮತ್ತೊಂದು ಸಲ.

ಕೀಕೊಟ್ಟವ: ಎರಡು ದಿನ ಕಾದು ಬರೀತಿದ್ದೇನೆ: ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ, ಅಷ್ಟೇ. ಮುಳ್ಳು ಅಲ್ಲಾಡಲ್ಲ. ಈಗ ಮನೆಯ ಸೂಜಿ, ಚಿಮಟ ಎಲ್ಲಕ್ಕೂ ಇದೇ ಸೇವೆ ನಡೆದಿದೆ!

ಹಳೆಚಕ್ರ: ಮಾಡಿ, ಮಾಡಿ. ಎಟಿಎಂ ಕಾರ್ಡ್ ಮಾತ್ರ ಹತ್ತಿರ ತರಬೇಡಿ, ಹಿಂದಿನ ಕಪ್ಪು ಪಟ್ಟಿ ಅಳಿಸಿಹೋದೀತು.