ಹಲ್ಲಿನ ಪ್ಲಾಕ್‌ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಬಲ್ಲವರಿಗೆ ನಮಸ್ಕಾರ.

ಕಣ್ಣು ಕಾಣದ ಮತ್ತು ಮಂದದೃಷ್ಟಿಯ ಮಕ್ಕಳಿಗಾಗಿ ಹಲ್ಲುಜ್ಜುವ ಪಾಠವೊಂದನ್ನು ಬ್ರೈಲ್‌ಗೂ ಧ್ವನಿಮುದ್ರಣಕ್ಕೂ ಸಿದ್ಧಪಡಿಸುತ್ತಿದ್ದೇನೆ. ನಾಳೆ ಸಂಜೆ ಮುದ್ರಣ. ಕೈಗೆ ಬಂದ ಕರಡಿನಲ್ಲಿ ಪ್ಲಾಕ್‌ಗೆ, ಅಂದರೆ ಹಲ್ಲಿನ ಮೇಲೆ ಕಟ್ಟುವ ಮೆತ್ತನೆಯ ಅಂಟು ಪದರಕ್ಕೆ, ‘ದಂತಫಲಕ’ ಎಂದಿದೆ. ಫಲಕ ಎಂದರೆ ಮಕ್ಕಳು ಹಲಗೆ ಹುಡುಕುತ್ತಾರೆ!

ಬೇರೆ ಕಡೆ ಬಣ್ಣದ ಮಾತ್ರೆ ಜಗಿಸಿ, ಪ್ಲಾಕ್ ಇದ್ದು ಬಣ್ಣ ಹಿಡಿದ ಜಾಗವನ್ನು ಕನ್ನಡಿಯಲ್ಲಿ ತೋರಿಸುತ್ತಾರೆ. ಇಲ್ಲಿ ಅದು ನಡೆಯದು. ಹಲ್ಲುಸಾಲಿನ ದೊಡ್ಡ ಮಾದರಿಯನ್ನು ಕೈಗೆ ಕೊಟ್ಟು, ಬ್ರಷ್ಷನ್ನು ವಸಡಿನತ್ತ 45 ಡಿಗ್ರಿ ಓರೆಯಾಗಿ ಹಿಡಿಸಿ, ಆಮೇಲೆ ಅದನ್ನೇ ಅವರವರ ಬಾಯಲ್ಲಿ ಮಾಡಿಸಬೇಕು. ಉಜ್ಜುವ ಮೊದಲೂ ಉಜ್ಜಿದ ಮೇಲೂ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಲು ಹೇಳಬೇಕು. ಹಾಗಾಗಿ ನಾಲಿಗೆಗೆ ತಿಳಿಯುವ ಪದವೇ ಬೇಕು. ‘ಹಲ್ಲಿನ ಪಾಚಿ’ ಆದೀತೇ?

ಉತ್ತರ 1:
ಆಗದು. ಪಾಚಿ, ಪಚ್ಚೆ, ಹಸಿರು ಒಂದೇ ಬೇರಿನವು. ತಮಿಳಿನ ಪಾಸಿಯೂ ಅದೇ. ಬಣ್ಣದಿಂದ ಹುಟ್ಟಿದ ಪದ ಈ ಮಕ್ಕಳಿಗೇಕೆ? ಕಿಟ್ಟ ಎನ್ನಿ.

ಉತ್ತರ 2:
ಬೇರು ತೋರಿಸಿ ಬಳಕೆಯ ಪದವನ್ನು ಕಿತ್ತೊಗೆಯುವುದು ಈ ಬಳಗದ ಹಳೆಯ ಚಾಳಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಒಮ್ಮೆ ಕಾಲು ಜಾರಿದ ಮಗುವಿಗೆ ಪಾಚಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಿಟ್ಟ ಬೇರೆಯೇ ವಸ್ತು. ಪಾಚಿ ಮೆತ್ತಗಿರುತ್ತದೆ, ಬ್ರಷ್ಷಿಗೆ ಬಿಡುತ್ತದೆ. ಬಿಡಿಸದೆ ಉಳಿದದ್ದು ಜೊಲ್ಲಿನ ಖನಿಜ ಸೇರಿ ಗಟ್ಟಿಯಾಗಿ ನಾಲಿಗೆಗೆ ತರಿತರಿ ಎನ್ನಿಸುತ್ತದಲ್ಲ, ಅದು ಕಿಟ್ಟ. ದಂತವೈದ್ಯರೇ ಕೆರೆದು ತೆಗೆಯಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ, ಕಿಟ್ಟ ಬಿಡಿಸಲು ಹೋಗಿ ಮಗು ವಸಡಿನಲ್ಲಿ ರಕ್ತ ಬರುವಂತೆ ಉಜ್ಜೀತು.

ಕರಡಿನಲ್ಲಿ ‘ಹುಳುಕು ಹಲ್ಲು’ ಇದ್ದರೆ ಅದನ್ನೂ ತೆಗೆಯಿರಿ. ಹುಳು ಎಲ್ಲಿದೆ ಎಂದು ಬೆರಳು ಹಾಕಿ ತಡಕುತ್ತಾರೆ. ಹಲ್ಲನ್ನು ತಿನ್ನುವುದು ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯಿಂದ ಉಂಟುಮಾಡುವ ಆಮ್ಲ.

ಉತ್ತರ 3:
ಕಿಟ್ಟ, ಆಮ್ಲ, ಖನಿಜ ಎಲ್ಲವೂ ಸಂಸ್ಕೃತ. ಬ್ಯಾಕ್ಟೀರಿಯಾ ಇಂಗ್ಲಿಷಿನಿಂದ. ಹೀಗೆ ಸಾಲ ತಂದೇ ಕನ್ನಡದಲ್ಲಿ ವಿಜ್ಞಾನ ಬರೆಯುವುದೇ? ಆಮ್ಲಕ್ಕೆ ‘ಹುಳಿ’ ಎನ್ನಲು ಏನು ಅಡ್ಡಿ?

ಉತ್ತರ 2:
ಹುಳಿ ಒಪ್ಪಿದೆ, ಅದು ಅಚ್ಚಗನ್ನಡ ಎಂದಲ್ಲ, ನಾಲಿಗೆ ಬಲ್ಲ ರುಚಿ ಎಂದು. ಉಳಿದ ವಾದ ಬೇಡ. ಬ್ರೈಲ್ ಎಂಬುದು 1829ರಲ್ಲಿ ಆ ಲಿಪಿಯನ್ನು ಪ್ರಕಟಿಸಿದ ಫ್ರೆಂಚ್ ಮನುಷ್ಯನ ಹೆಸರು. ಅದನ್ನೂ ಕನ್ನಡಿಸುತ್ತೀರಾ?

ಉತ್ತರ 3:
ವ್ಯಕ್ತಿನಾಮದ ಮಾತು ಬೇರೆ. ತಾವು ವಿಷಯ ತಪ್ಪಿಸುತ್ತಿದ್ದೀರಿ.

ಕೇಳಿದವರು:
ಪಾಚಿ, ಕಿಟ್ಟ, ಹುಳಿ ಮೂರನ್ನೂ ಇಟ್ಟುಕೊಂಡೆ. ಉಪಕಾರವಾಯಿತು. ಇನ್ನೊಂದು ತೊಡಕಿದೆ: ‘ಬ್ರಷ್ಷಿನ ಮೇಲೆ ಬಟಾಣಿ ಕಾಳಿನಷ್ಟು ಪೇಸ್ಟ್’. ಬ್ರಷ್ಷಿನ ಮೇಲೆ ಎಷ್ಟು ಬಿತ್ತೆಂದು ಇವರಿಗೆ ತಿಳಿಯದು. ಮೊದಲು ಬೆರಳ ತುದಿಗೆ ಹಾಕಿಕೊಂಡು ಅಂದಾಜು ಮಾಡಿಸಬೇಕೆಂದಿದ್ದೇನೆ. ಅಲ್ಲಿ ‘ಹಿಂಡಿ’ ಎಂದರೆ ಟ್ಯೂಬನ್ನು ಜೋರಾಗಿ ಅದುಮಿಬಿಡುತ್ತಾರೆ. ‘ಮೆಲ್ಲಗೆ ಒತ್ತಿ’ ಸಾಕೇ?