ಟೊಮೆಟೊ ಬೀಜ ಯಾಕೆ ಏಳ್ತಿಲ್ಲ? ಮನೆಯೊಳಗೆ ಸಸಿ ಮಾಡುವವರ ಪ್ರಶ್ನೆಗಳು, ನರ್ಸರಿಯವರ ಉತ್ತರ

ಪ್ರಶ್ನೆ (ಹೊಸನಗರ ಕಡೆಯ ಸದಸ್ಯೆ): ನಮಸ್ತೆ ಸರ್. ಡಿಸೆಂಬರ್ ಶುರುವಲ್ಲಿ ಟ್ರೇಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಟೊಮೆಟೊ ಬೀಜ ಹಾಕಿದ್ದೆ. ಇಬ್ಬನಿ ಬೀಳಬಾರದು ಅಂತ ಜಗಲಿಯ ನೆಲದ ಮೇಲೆ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತೇನೆ. ಹನ್ನೆರಡು ದಿನ ಆಯ್ತು, ಒಂದೂ ಎದ್ದಿಲ್ಲ. ಪ್ಯಾಕೆಟ್ ಹೊಸದೇ. ಅಂಗಡಿಯವರು ಹಳೇ ಬೀಜ ಕೊಟ್ಟರಾ?

ಉತ್ತರ: ಅಂಗಡಿಯವರನ್ನು ಬೈಯುವ ಮೊದಲು ಒಂದು ಬೀಜ ಕೆದಕಿ ತೆಗೆದು ನೋಡಿ ಅಕ್ಕ. ಉಗುರಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ಜೀವ ಇದೆ. ಪಿಚಕ್ಕನೆ ಒಡೆದರೆ ಕೊಳೆತಿದೆ. ನಿಮ್ಮದು ಗಟ್ಟಿಯೇ ಇರುತ್ತದೆ ಅಂತ ನನ್ನ ಅಂದಾಜು. ಚಳಿಗೆ ಸುಮ್ನೆ ಕೂತಿದೆ, ಅಷ್ಟೆ.

ಟೊಮೆಟೊ ಬೀಜಕ್ಕೆ 25ರಿಂದ 30 ಡಿಗ್ರಿ ಸಿಕ್ಕರೆ ಸುಮಾರು 6 ದಿನಕ್ಕೆ ಏಳುತ್ತದೆ. 20 ಡಿಗ್ರಿಯಲ್ಲಿ 8 ದಿನ ಬೇಕು. 15ಕ್ಕೆ ಇಳಿದರೆ ಎರಡು ವಾರ. 10ರಲ್ಲೇ ನಿಂತರೆ 40 ದಿನ ದಾಟಿದರೂ ಆಶ್ಚರ್ಯವಿಲ್ಲ, ಅಷ್ಟರೊಳಗೆ ಬಹಳಷ್ಟು ಬೀಜ ಕೊಳೆತೇ ಹೋಗಿರುತ್ತದೆ. ಈ ಲೆಕ್ಕವೆಲ್ಲ ಬೀಜ ಕೂತಿರುವ ಮಣ್ಣಿನ ಬಿಸಿಯದ್ದು, ಗಾಳಿಯದ್ದಲ್ಲ. ಎಲ್ಲರೂ ಎಡವುವುದು ಇಲ್ಲೇ. ಮೊಬೈಲಿನಲ್ಲಿ ‘ಇವತ್ತು 28’ ಅಂತ ತೋರಿಸುವುದು ಮಧ್ಯಾಹ್ನದ ಗಾಳಿಯ ಬಿಸಿ. ನಿಮ್ಮ ಟ್ರೇ ಇರುವುದು ತಣ್ಣನೆ ನೆಲದ ಮೇಲೆ. ಒದ್ದೆ ಕೋಕೋಪೀಟ್ ಆರುತ್ತಾ ಇದ್ದ ಬಿಸಿಯನ್ನೂ ಕಳೆದುಕೊಳ್ಳುತ್ತದೆ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ತಂಪಾಗಿಯೇ ಇರುತ್ತದೆ. ಅದರ ಮೇಲೆ ಬೆಳ್ಳಂಬೆಳಿಗ್ಗೆ ಟ್ಯಾಂಕಿನ ತಣ್ಣೀರು ಬೇರೆ!

ಮೊದಲು ಅಳೆಯಿರಿ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಗಾಜಿನ ಥರ್ಮಾಮೀಟರ್ ಸಾಕು, ಅಕ್ವೇರಿಯಂ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಅದರ ತುದಿಯನ್ನು ಬೀಜದಷ್ಟೇ ಆಳಕ್ಕೆ ಚುಚ್ಚಿ, ಬೆಳಿಗ್ಗೆ ಎದ್ದ ತಕ್ಷಣ ಒಮ್ಮೆ, ಸಂಜೆ ಒಮ್ಮೆ ನೋಡಿ. ಜ್ವರ ನೋಡುವ ಥರ್ಮಾಮೀಟರ್ ತರಬೇಡಿ. ಅದು ಶುರುವಾಗುವುದೇ 35ರ ಹತ್ತಿರ, ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ಬೆಚ್ಚಗೆ ಮಾಡುವುದು ಹೇಗೆ? ನಾನು ಮೊದಲು ಹೇಳುವುದು ಮೀನು ಮಾರುವವರ ಹತ್ತಿರ ಸಿಗುವ ಥರ್ಮಾಕೋಲ್ ಪೆಟ್ಟಿಗೆ. ಚೆನ್ನಾಗಿ ತೊಳೆದು ಒಣಗಿಸಿ. ಟ್ರೇ ಒಳಗಿಡಿ. ಸಂಜೆ ಒಂದು ಲೀಟರಿನ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಟ್ರೇಗೆ ತಾಗದ ಹಾಗೆ ಮೂಲೆಯಲ್ಲಿಟ್ಟು ಮುಚ್ಚಳ ಹಾಕಿ. ಬೆಳಿಗ್ಗೆ ಕೈಯಿಟ್ಟು ನೋಡಿದರೆ ಒಳಗೆ ಇನ್ನೂ ಬೆಚ್ಚಗಿರುತ್ತದೆ. ಟೊಮೆಟೊ ಮೊಳೆಯುವುದಕ್ಕೆ ಬೆಳಕು ಬೇಕಿಲ್ಲ, ಹಾಗಾಗಿ ಕತ್ತಲೆಯ ಚಿಂತೆ ಬೇಡ. ಇಲಿ ಕಾಟ ಇದ್ದರೆ ಮುಚ್ಚಳದ ಮೇಲೊಂದು ಕಲ್ಲು ಹೇರಿ.

ನೀರನ್ನು ಉಗುರು ಬೆಚ್ಚಗೆ ಮಾಡಿ ಚಿಮುಕಿಸಿ. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ದಿನಾ ಬೇಕಾಗುವುದೂ ಇಲ್ಲ. ರಾತ್ರಿ 20, ಹಗಲು 28 ಆದರೆ ತೊಂದರೆಯಿಲ್ಲ, ಒಂದೇ ಸಮ ಇರಲೇಬೇಕು ಅಂತಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಬೀಜ ಗಟ್ಟಿಯಾಗೇ ಇದೆ ಸರ್! ಪಕ್ಕದ ಮನೆ ಹುಡುಗನ ಮೀನಿನ ತೊಟ್ಟಿಯ ಥರ್ಮಾಮೀಟರ್ ತಂದು ಚುಚ್ಚಿದೆ, ಬೆಳಿಗ್ಗೆ 14 ತೋರಿಸಿತು. ಪೆಟ್ಟಿಗೆ ಬದಲು ಬಚ್ಚಲೊಲೆ ಕಟ್ಟೆ ಮೇಲೆ ಇಡಬಹುದಾ? ಅಲ್ಲಿ ಯಾವಾಗಲೂ ಬೆಚ್ಚಗಿರುತ್ತದೆ. ಅತ್ತೆ ಸೌತೆ ಬೀಜ ಅಲ್ಲೇ ಮೊಳಕೆ ಬರಿಸುತ್ತಿದ್ದರು.

ಉತ್ತರ: ಇಡಬಹುದು, ಆದರೆ ನೇರ ಕಟ್ಟೆ ಮೇಲೆ ಬೇಡ. ಹಂಡೆಗೆ ಉರಿ ಹಾಕಿದ ಹೊತ್ತಲ್ಲಿ ಕಲ್ಲು ಎಷ್ಟು ಕಾಯುತ್ತದೆ ಅಂತ ನಿಮಗೆ ಗೊತ್ತಲ್ವಾ? 35 ದಾಟಿದರೆ ಮೊಳಕೆ ಮತ್ತೆ ನಿಧಾನ ಆಗುತ್ತದೆ, 40ಕ್ಕೆ ಹೋದರೆ ಬರುವುದೇ ಇಲ್ಲ. ಎರಡು ಇಟ್ಟಿಗೆ ಇಟ್ಟು ಮೇಲೊಂದು ಹಲಗೆ ಹಾಕಿ ಅದರ ಮೇಲಿಡಿ. ಉರಿ ಜೋರಿದ್ದಾಗ ಒಮ್ಮೆ ಅಳೆದು ನೋಡಿ, 30ರ ಮೇಲಿದ್ದರೆ ಹಲಗೆಯನ್ನು ದೂರ ಸರಿಸಿ. ಮೊಳಕೆ ಕಂಡ ದಿನವೇ ಅಲ್ಲಿಂದ ತೆಗೆಯಬೇಕು. ಎಳೆ ಎಲೆಗೆ ಹೊಗೆ, ಮಸಿ ಆಗುವುದಿಲ್ಲ. ಹೊಸದಾಗಿ ಬೀಜ ಹಾಕುವುದು ಬೇಡ. ಇದನ್ನೇ ಬೆಚ್ಚಗಿಟ್ಟು ಒಂದು ವಾರ ನೋಡಿ.

ಪ್ರಶ್ನೆ (ತೀರ್ಥಹಳ್ಳಿ): ನನ್ನದು ಉಲ್ಟಾ ಸಮಸ್ಯೆ ಸರ್. ಫ್ರಿಜ್ ಮೇಲೆ ಇಟ್ಟೆ, ಐದೇ ದಿನಕ್ಕೆ ಎಲ್ಲ ಎದ್ದವು. ಖುಷಿಯಾಗಿ ಇನ್ನೂ ಮೂರು ದಿನ ಅಲ್ಲೇ ಬಿಟ್ಟೆ. ಈಗ ಬೆಳ್ಳಗೆ, ದಾರದ ಹಾಗೆ ಉದ್ದ ಬೆಳೆದು ಮಲಗುತ್ತಿವೆ. ಗೊಬ್ಬರ ಕೊಡಲಾ?

ಉತ್ತರ: ಗೊಬ್ಬರ ಖಂಡಿತ ಬೇಡ. ಬಿಸಿ ಜಾಸ್ತಿ, ಬೆಳಕು ಕಡಿಮೆ ಆದಾಗ ಸಸಿ ಮಾಡುವುದೇ ಇದನ್ನು. ಬೆಚ್ಚಗಿನ ಜಾಗ ಬೀಜಕ್ಕೆ ಬೇಕು, ಸಸಿಗಲ್ಲ. ಮಣ್ಣಿನಿಂದ ಮೊಳಕೆಯ ಮೊದಲ ಕೊಕ್ಕೆ ಬಾಗಿಕೊಂಡು ಮೇಲೆ ಬಂತು ಅಂದರೆ ಟ್ರೇ ಬೆಳಕಿಗೆ ಹೋಗಬೇಕು. ಉಳಿದವೂ ಏಳಲಿ ಅಂತ ಕಾಯಬೇಡಿ. ಅಲ್ಲಿಂದಾಚೆ ಹಗಲು 20ರಿಂದ 25, ರಾತ್ರಿ 16ರಿಂದ 18 ಡಿಗ್ರಿ ಇದ್ದರೆ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬರುತ್ತದೆ. ಅಂದರೆ ಬೀಜಕ್ಕೆ ಶತ್ರುವಾಗಿದ್ದ ನಮ್ಮ ಚಳಿ ಸಸಿಗೆ ಬೇಕಾದದ್ದೇ.

ಬೆಳಕಿನದ್ದೇ ಕಷ್ಟ. ನಮ್ಮ ಹೆಂಚಿನ ಮನೆಗಳ ಮಾಡು ಎಷ್ಟು ಕೆಳಗೆ ಇಳಿದಿರುತ್ತದೆ ಅಂದರೆ ಕಿಟಕಿ ಪಕ್ಕವೂ ಗಿಡಕ್ಕೆ ಕತ್ತಲೆಯೇ. ಗಾಜಿನ ಹೆಂಚು ಇರುವ ಕೋಣೆ ಇದ್ದರೆ ಅದರ ಕೆಳಗಿಡಿ. ಇಲ್ಲವಾ, ಮಾಮೂಲಿ 20 ವಾಟಿನ ಎಲ್‌ಇಡಿ ಟ್ಯೂಬನ್ನು ಸಸಿಯ ತುದಿಯಿಂದ ಒಂದು ಗೇಣಿನೊಳಗೆ ಬರುವ ಹಾಗೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಹಗಲು ಅಂಗಳದಲ್ಲಿ ಎಳೆಬಿಸಿಲಿಗೆ ಇಟ್ಟು ಸಂಜೆ ಒಳಗೆ ತಂದರೆ ಇನ್ನೂ ಒಳ್ಳೆಯದು.

ಈಗಿರುವ ಸಸಿಯನ್ನು ಎಸೆಯಬೇಡಿ. ಟೊಮೆಟೊ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಸಣ್ಣ ಕಪ್ಪಿಗೆ ಬದಲಿಸುವಾಗ ಮೊದಲ ಎರಡು ಎಲೆಯ ಬುಡದವರೆಗೂ ಹೂತುಬಿಡಿ.

ಪ್ರಶ್ನೆ (ಸಾಗರ): ಆನ್‌ಲೈನಿನಲ್ಲಿ ಬೀಜ ಮೊಳೆಸುವ ಹೀಟ್ ಮ್ಯಾಟ್ ಬರುತ್ತದೆ. ತಗೊಳ್ಳಬಹುದಾ?

ಉತ್ತರ: ಹತ್ತಿಪ್ಪತ್ತು ಸಸಿಗೆ ದಂಡ. ವರ್ಷವಿಡೀ ಸಸಿ ಮಾಡುವವರಾದರೆ ತಗೊಳ್ಳಿ, ಆದರೆ ಥರ್ಮೋಸ್ಟಾಟ್, ಅಂದರೆ ಬಿಸಿ ಸಾಕಾದಾಗ ತಾನೇ ಆಫ್ ಆಗುವ ಸ್ವಿಚ್ ಇರುವುದನ್ನೇ. ಅದಿಲ್ಲದ ಮ್ಯಾಟ್ ಮಧ್ಯಾಹ್ನವೂ ಕಾಯುತ್ತಲೇ ಇರುತ್ತದೆ. ಇನ್ನೊಂದು, ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಬಿಸಿನೀರಿನ ಬಾಟಲಿಗೆ ಆ ತಾಪತ್ರಯ ಇಲ್ಲ. ಕೆಲವರು ಕೋಳಿಮರಿಗೆ ಹಾಕುವ ಬಲ್ಬನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಳಿಬಿಡುತ್ತಾರೆ. ದಯವಿಟ್ಟು ಬೇಡ, ಥರ್ಮಾಕೋಲ್ ಬೆಂಕಿ ಹಿಡಿಯುತ್ತದೆ.

ಪ್ರಶ್ನೆ (ಆಗುಂಬೆ ಹತ್ತಿರ): ನಾವು ಜುಲೈನಲ್ಲಿ ಒಳಗೆ ಸಸಿ ಮಾಡಿದ್ದೆವು. ಚೆನ್ನಾಗಿ ಎದ್ದವು. ಆಮೇಲೆ ಬುಡ ನೀರುನೀರಾಗಿ ಕಂದುಬಣ್ಣಕ್ಕೆ ತಿರುಗಿ, ಕತ್ತರಿಸಿದ ಹಾಗೆ ಬಿದ್ದವು. ಅದೂ ಚಳಿಗಾ?

ಉತ್ತರ: ಇಲ್ಲ. ಮಳೆಗಾಲದಲ್ಲಿ ಮನೆಯೊಳಗೆ 22, 23 ಡಿಗ್ರಿ ಇದ್ದೇ ಇರುತ್ತದೆ, ಅದು ಸಾಕು. ನಿಮ್ಮ ಸಸಿಗೆ ಬಂದಿದ್ದು ಬುಡ ಕೊಳೆಯುವ ರೋಗ. ರೈಜೋಕ್ಟೋನಿಯಾ ಅನ್ನುವ ಶಿಲೀಂಧ್ರ, ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿ, ಇವುಗಳ ಕೆಲಸ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಿಮ್ಮದು. ಅಲ್ಲಿ ಮಣ್ಣು ಆರುವುದೇ ಇಲ್ಲ ಮಾರಾಯ್ರೆ! ಚಳಿಗೂ ಇದಕ್ಕೂ ಒಂದು ನಂಟಿದೆ ಅನ್ನಿ. ತಂಪಿಗೆ ಮೊಳಕೆ ನಿಧಾನವಾದಷ್ಟೂ ಶಿಲೀಂಧ್ರಕ್ಕೆ ಸಮಯ ಜಾಸ್ತಿ ಸಿಗುತ್ತದೆ.

ಬೀಜ ಹಾಕುವ ಮೊದಲೇ ಕೋಕೋಪೀಟಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ. ಹಳೇ ಟ್ರೇ ತೊಳೆಯದೆ ಬಳಸಬೇಡಿ. ಮೊಳಕೆ ಬಂದ ಮೇಲೆ ಮುಚ್ಚಳ ತೆಗೆಯಿರಿ, ದಿನಕ್ಕೆ ಸ್ವಲ್ಪ ಹೊತ್ತು ಫ್ಯಾನ್ ಹಾಕಿ. ಮೇಲ್ಮಣ್ಣು ತಿಳಿಬಣ್ಣಕ್ಕೆ ತಿರುಗುವವರೆಗೂ ನೀರು ಮುಟ್ಟಿಸಬೇಡಿ. ಅದೂ ಟ್ರೇಯ ಕೆಳಗಿನಿಂದ ಕೊಡಿ, ಬುಡಕ್ಕೆ ಹೊಯ್ಯಬೇಡಿ. ಆದರೂ ನನ್ನ ಮಾತು ಕೇಳುವುದಾದರೆ ಜುಲೈ ಬಿಟ್ಟುಬಿಡಿ. ಸಸಿ ಉಳಿದರೂ ಹೊರಗೆ ನೆಟ್ಟ ಮೇಲೆ ಅಂಗಮಾರಿ ರೋಗ ಬಿಡುವುದಿಲ್ಲ. ಮಳೆ ಮರೆ ಇಲ್ಲದಿದ್ದರೆ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ.

ಪ್ರಶ್ನೆ (ಶಿವಮೊಗ್ಗ ಪೇಟೆ): ನಮ್ಮದು ತಾರಸಿ ಮೇಲೆ ಶೀಟ್ ಹಾಕಿದ ರೂಮು. ಮಾರ್ಚ್ ಕೊನೆ. ಬೆಚ್ಚಗಿದೆ ಅಂತ ಅಲ್ಲೇ ಟ್ರೇ ಇಟ್ಟು ಪ್ಲಾಸ್ಟಿಕ್ ಹೊದೆಸಿದ್ದೇನೆ. ವಾರ ಆದರೂ ಎರಡೋ ಮೂರೋ ಬಂದಿವೆ.

ಉತ್ತರ: ಅದು ಬೆಚ್ಚಗಲ್ಲ ಸರ್, ಒಲೆ! ಆ ಶೀಟಿನ ಕೆಳಗೆ, ಪ್ಲಾಸ್ಟಿಕ್ಕಿನ ಒಳಗೆ ಮಧ್ಯಾಹ್ನ 40 ದಾಟಿರುತ್ತದೆ. ಬೀಜ ಬೆಂದಿಲ್ಲದಿದ್ದರೆ ನಿಮ್ಮ ಪುಣ್ಯ. ಟ್ರೇಯನ್ನು ಕೆಳಗಿನ ಮನೆಗೆ ತಂದು ಮಂಚದ ಕೆಳಗೆ ನೆಲಕ್ಕೇ ಇಡಿ, ಪ್ಲಾಸ್ಟಿಕ್ ಬದಲು ಒದ್ದೆ ಗೋಣಿ ಹೊದೆಸಿ. ದಿನಾ ಗೋಣಿ ಎತ್ತಿ ನೋಡಿ, ಒಂದು ಕೊಕ್ಕೆ ಕಂಡರೂ ಗೋಣಿಯನ್ನು ತೆಗೆದುಬಿಡಿ.

ಇನ್ನೊಂದು ಮಾತು. ಈಗ ಎದ್ದ ಸಸಿ ಹೂ ಬಿಡುವುದು ಮೇ ಕೊನೆಯ ಹೊತ್ತಿಗೆ. ಸೆಕೆ ಇನ್ನೂ ಇದ್ದು ಹಗಲು 35ರ ಆಸುಪಾಸು ಹೋದರೆ ಟೊಮೆಟೊ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಹಿಂದೆಯೇ ಮಳೆ ಬರುತ್ತದೆ. ಎರಡು ಮೂರು ಗಿಡ ಮಜಾಕ್ಕೆ ಇಟ್ಟುಕೊಳ್ಳಿ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನ ಒಳಗಿಡಿ. ಮಳೆ ಕಳೆದ ಮೇಲೆ ಹಾಕಿದರೂ ಚೆನ್ನಾಗಿಯೇ ಮೊಳೆಯುತ್ತದೆ.