ಗೋಡೆಗೆ ಬಣ್ಣ ಹಚ್ಚಿದವಳ ಹೆಸರು ಎಲ್ಲಿ?

ಹೋದ ತಿಂಗಳು ಮಂಡ್ಯದ ಒಂದು ಶಾಲೆಯ ಗೋಡೆಗೆ ನಾವು ನಾಲ್ಕು ಜನ ಚಿತ್ರ ಬರೆದೆವು. ಕಬ್ಬಿನ ಗದ್ದೆ, ಎತ್ತಿನ ಗಾಡಿ, ಆಲೆಮನೆ. ಆಲೆಮನೆ ಪೂರ್ತಿ ನನ್ನದು, ಕೊಪ್ಪರಿಗೆಯ ಹೊಗೆಗೇ ಎರಡು ದಿನ ಹಿಡಿಯಿತು. ಫಲಕದಲ್ಲಿ ಮೂರು ಹುಡುಗರ ಹೆಸರಷ್ಟೇ ಇದೆ. ಕೇಳಿದರೆ, "ನೀನು ಸಹಾಯಕ್ಕೆ ಬಂದಿದ್ದೆ ಅಲ್ವಾ" ಅಂದರು. ತುಂಬಾ ನೋವಾಯಿತು.

ಆಗಲೇ ಅಮೆರಿಕದ ಮೆಕ್ಸಿಕನ್ ಮೂಲದವರ ಚಿಕಾನೊ ಕಲೆಯ ಬಗ್ಗೆ ಓದಿದೆ. ಮ್ಯೂಸಿಯಂ ತಮ್ಮವರ ಕಲೆಗೆ ಜಾಗ ಕೊಡಲ್ಲ ಅನ್ನೋ ಸಿಟ್ಟಿಗೆ, 1972ರಲ್ಲಿ ಆಸ್ಕೊ ಅನ್ನೋ ಚಿಕಾನೊ ಕಲಾವಿದರ ಗುಂಪಿನ ಮೂವರು ಗಂಡಸರು ಲಾಸ್ ಏಂಜಲೀಸ್‌ನ ಮ್ಯೂಸಿಯಂ ಮೇಲೆ ತಮ್ಮ ಹೆಸರು ಸ್ಪ್ರೇ ಮಾಡಿದರು. ಅದೇ ಗುಂಪಿನ ಕಲಾವಿದೆ ಪ್ಯಾಟ್ಸಿ ವಾಲ್ಡೆಜ್ ಫೋಟೊದಲ್ಲಿ ಆ ಹೆಸರುಗಳ ಮೇಲ್ಗಡೆ ನಿಂತಿದ್ದಾರೆ. ಅವರ ಹೆಸರು ಮಾತ್ರ ಅಲ್ಲಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಆಮೇಲೆ ಏನು ಮಾಡಿದರು?

ಮೈಸೂರಿನ ಡ್ರಾಯಿಂಗ್ ಮೇಡಂ: ತಮ್ಮದೇ ಗುಂಪು ಕಟ್ಟಿದರು ಕಣಮ್ಮ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಮುಹೇರೆಸ್ ಮುರಾಲಿಸ್ತಾಸ್' ಅಂತ ಹೆಂಗಸರೇ ಸೇರಿ ದೊಡ್ಡ ದೊಡ್ಡ ಗೋಡೆಗಳಿಗೆ ಚಿತ್ರ ಬರೆದರು. ಚಿಕಾನಾ ಕಲಾವಿದೆ ಜೂಡಿ ಬಾಕಾ ಲಾಸ್ ಏಂಜಲೀಸ್‌ನಲ್ಲಿ ಸುಮಾರು ಅರ್ಧ ಮೈಲಿ ಉದ್ದದ ಗೋಡೆಚಿತ್ರ ಮಾಡಿಸಿದರು.

ಹುಣಸೂರು ರಸ್ತೆಯ ಒಬ್ಬರು: ಇನ್ನೊಬ್ಬ ಚಿಕಾನಾ ಕಲಾವಿದೆ ಯೊಲಾಂಡಾ ಲೋಪೆಜ್ 1978ರಲ್ಲಿ ತಮ್ಮನ್ನೇ ಗ್ವಾದಲುಪೆ ಮಾತೆಯಾಗಿ (ಮೆಕ್ಸಿಕೊದವರು ಪೂಜಿಸುವ ಮೇರಿ ಮಾತೆ) ಬರೆದುಕೊಂಡರು, ಶೂ ಹಾಕಿ ಓಡುವ ಹಾಗೆ. ಮ್ಯೂಸಿಯಂನಲ್ಲಿ ಅವರೊಬ್ಬರದ್ದೇ ಮೊದಲ ಪ್ರದರ್ಶನ ಶುರುವಾಗಿದ್ದು 2021ರಲ್ಲಿ. ಅದಕ್ಕೆ ಕೆಲವೇ ವಾರ ಮುಂಚೆ ತೀರಿಕೊಂಡರು. ನೀವು ಅಷ್ಟು ದಿನ ಕಾಯಬೇಡಿ. ಫಲಕಕ್ಕೆ ನಿಮ್ಮ ಹೆಸರೂ ಹಾಕಿ ಅಂತ ಶಾಲೆಗೆ ಬರಹದಲ್ಲೇ ಕೊಡಿ, ಕೆಲಸ ಮಾಡುವಾಗಿನ ಫೋಟೊ ಇದ್ದರೆ ಜೊತೆಗೆ ಸೇರಿಸಿ.

ಕೇಳಿದವಳು: ಫೋಟೊ ಇದೆ, ಏಣಿ ಮೇಲೆ ನಾನೇ ಇದ್ದೀನಿ. ಸೋಮವಾರ ಹೋಗಿ ಕೊಡ್ತೀನಿ ಮೇಡಂ.